ವಿಲಿಯಂ ಬ್ಲೇಕ್

ವಿಲಿಯಂ ಬ್ಲೇಕ್ (28 ನವೆಂಬರ್ 1757 – 12 ಆಗಸ್ಟ್ 1827) ಇಂಗ್ಲೆಂಡಿನ ಕವಿ, ಚಿತ್ರಕಾರ ಹಾಗೂ ಕೆತ್ತನೆಗಾರ. ತಾನು ರಚಿಸಿದ ಕವಿತೆಗಳಿಗೆ ತಾನೇ ಚಿತ್ರ ಬರೆದು, ಮುದ್ರಿಸಿ, ಕೈಯಿಂದ ಬಣ್ಣ ತುಂಬಿ ಪುಸ್ತಕಗಳನ್ನಾಗಿಸಿದ್ದು ಈತನ ವೈಶಿಷ್ಟ್ಯ. ಇವು 'ಸಚಿತ್ರ ವರ್ಣಗ್ರಂಥ'ಗಳೆಂದು ಪ್ರಸಿದ್ಧವಾಗಿವೆ.

ಜೀವನ

ಬ್ಲೇಕ್ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಜನಿಸಿದನು. ತಂದೆ ಕಾಲುಚೀಲಗಳ ವ್ಯಾಪಾರಿ. 1772ರಿಂದ ಏಳು ವರ್ಷ ಜೇಮ್ಸ್ ಬಸೈರ್ ಎಂಬ ಕೆತ್ತನೆಗಾರನಲ್ಲಿ ಶಿಷ್ಯವೃತ್ತಿ ನಡೆಸಿ, 1779ರಲ್ಲಿ ರಾಯಲ್ ಅಕಾಡೆಮಿಯ ಶಾಲೆಯನ್ನು ಸೇರಿದನು. 1782ರಲ್ಲಿ ಕ್ಯಾಥರೀನ್ ಬೌಚರ್ ಎಂಬಾಕೆಯನ್ನು ವಿವಾಹವಾದನು. ವಿವಾಹದ ದಾಖಲೆಯಲ್ಲಿ ಹೆಸರು ಬರೆಯಲಾಗದೆ ಗುರುತು ಹಾಕಿದ್ದ ಆಕೆ, ಮುಂದೆ ಪತಿಯಿಂದ ಓದುಬರಹ ಕಲಿತು, ಮುದ್ರಣದಲ್ಲಿಯೂ ಬಣ್ಣ ತುಂಬುವುದರಲ್ಲಿಯೂ ಆತನಿಗೆ ನೆರವಾದಳು.

ಮುದ್ರಣ ವಿಧಾನ

ಅಂದಿನ ಮುದ್ರಣಾಲಯಗಳಲ್ಲಿ ಅಕ್ಷರಗಳನ್ನು ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. ಚಿತ್ರಗಳನ್ನು ತಾಮ್ರದ ಫಲಕದಲ್ಲಿ ಕೊರೆದು ಬೇರೆಯಾಗಿ ಮುದ್ರಿಸುತ್ತಿದ್ದರು. ಬ್ಲೇಕ್ ಈ ಎರಡನ್ನೂ ಒಂದೇ ಫಲಕಕ್ಕೆ ತಂದನು. ಆಮ್ಲಕ್ಕೆ ಕರಗದ ದ್ರವದಿಂದ ತಾಮ್ರದ ಫಲಕದ ಮೇಲೆ ಕವಿತೆಯನ್ನೂ ಚಿತ್ರವನ್ನೂ ರಚಿಸುತ್ತಿದ್ದನು. ಕಾಗದದ ಮೇಲೆ ನೇರವಾಗಿ ಮೂಡಬೇಕಾದ್ದರಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ ಬರೆಯಬೇಕಾಗಿತ್ತು. ಬಳಿಕ ಆಮ್ಲವು ಉಳಿದ ಭಾಗವನ್ನು ಕೊರೆಯುತ್ತಿತ್ತು. ಉಬ್ಬಿ ನಿಂತ ಗೆರೆಗಳಿಗೆ ಶಾಯಿ ಹಚ್ಚಿ ಅಚ್ಚೊತ್ತಿ, ಜಲವರ್ಣ ತುಂಬುತ್ತಿದ್ದರು. ಆದುದರಿಂದ ಒಂದೇ ಪುಸ್ತಕದ ಎರಡು ಪ್ರತಿಗಳ ಬಣ್ಣಗಳು ಒಂದೇ ಬಗೆಯಾಗಿಲ್ಲ. 1787ರಲ್ಲಿ ತೀರಿಕೊಂಡ ತಮ್ಮ ರಾಬರ್ಟನು ದರ್ಶನದಲ್ಲಿ ಈ ವಿಧಾನವನ್ನು ತಿಳಿಸಿಕೊಟ್ಟನೆಂದು ಬ್ಲೇಕ್ ಹೇಳಿಕೊಂಡಿದ್ದನು.

ಪ್ರಮುಖ ಕೃತಿಗಳು

'ಸಾಂಗ್ಸ್ ಆಫ್ ಇನ್ನೊಸೆನ್ಸ್' 1789ರಲ್ಲಿ ಹೊರಬಂದಿತು. 1794ರಲ್ಲಿ ಅದಕ್ಕೆ 'ಸಾಂಗ್ಸ್ ಆಫ್ ಎಕ್ಸ್‌ಪೀರಿಯನ್ಸ್' ಭಾಗವನ್ನು ಸೇರಿಸಲಾಯಿತು. 100 ಫಲಕಗಳ 'ಜೆರೂಸಲೇಂ' ಈತನ ಅತಿ ದೀರ್ಘ ವರ್ಣಗ್ರಂಥ; ಪೂರ್ಣವಾಗಿ ಬಣ್ಣ ತುಂಬಿದ ಅದರ ಏಕೈಕ ಪ್ರತಿಯು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ.

ಚಿತ್ರ ಮತ್ತು ಕವಿತೆ

ಈ ಗ್ರಂಥಗಳಲ್ಲಿ ಚಿತ್ರವು ಕೇವಲ ಅಲಂಕಾರವಲ್ಲ. ಕೆಲವೆಡೆ ಅದು ಕವಿತೆಯ ಮಾತನ್ನೇ ಪ್ರಶ್ನಿಸುತ್ತದೆ. 'ದಿ ಟೈಗರ್' ಕವಿತೆಯು ಹುಲಿಯ ಭೀಕರ ಸೌಂದರ್ಯಕ್ಕೆ ಬೆರಗಾಗುತ್ತದೆ. ಆದರೆ ಅದೇ ಪುಟದ ಕೆಳಭಾಗದಲ್ಲಿ ಮರದ ಬಳಿ ನಿಂತಿರುವ ಹುಲಿಯು ಹಲವು ಪ್ರತಿಗಳಲ್ಲಿ ಸಾಧುಪ್ರಾಣಿಯಂತೆ ಕಾಣುತ್ತದೆ. ಪಠ್ಯಪುಸ್ತಕಗಳಲ್ಲಿ ಕವಿತೆಯನ್ನಷ್ಟೇ ಓದುವ ವಿದ್ಯಾರ್ಥಿಗಳಿಗೆ ಈ ವೈರುಧ್ಯವು ದೊರೆಯುವುದಿಲ್ಲ.

ಮನ್ನಣೆ

ಪ್ರಕಾಶಕರ ಹಂಗಿಲ್ಲದ ಈ ವಿಧಾನವು ಬ್ಲೇಕ್‌ಗೆ ಸ್ವಾತಂತ್ರ್ಯ ನೀಡಿತು; ಆದರೆ ಪ್ರತಿಗಳು ಕೆಲವೇ ಆದುದರಿಂದ ಓದುಗರೂ ವಿರಳವಾದರು. ಇತರರಿಗಾಗಿ ಮಾಡಿದ ಕೆತ್ತನೆ ಕೆಲಸವೇ ಜೀವನಾಧಾರವಾಗಿತ್ತು. 1809ರಲ್ಲಿ ನಡೆಸಿದ ಚಿತ್ರಪ್ರದರ್ಶನವೂ ಯಶಸ್ಸು ಕಾಣಲಿಲ್ಲ. 1863ರಲ್ಲಿ ಅಲೆಕ್ಸಾಂಡರ್ ಗಿಲ್‌ಕ್ರಿಸ್ಟ್ ಬರೆದ ಜೀವನಚರಿತ್ರೆ ಪ್ರಕಟವಾದ ನಂತರ ಈತನ ಕೃತಿಗಳತ್ತ ಜನರ ಗಮನ ಹರಿಯಿತು. ಲಂಡನ್ನಿನ ಬನ್‌ಹಿಲ್ ಫೀಲ್ಡ್ಸ್ ರುದ್ರಭೂಮಿಯಲ್ಲಿ ಬ್ಲೇಕ್‌ನ ಸಮಾಧಿಯಿದೆ.