ನಾಯಿ ಕಡಿತಕ್ಕೆ ನಾಲ್ಕು ಬಾರಿ ಲಸಿಕೆ ಏಕೆ?



ಈಚೆಗೆ ನಮ್ಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಬೀದಿನಾಯಿಗಳ ವಿಷಯ ಚರ್ಚೆಗೆ ಬಂದಾಗ ಸದಸ್ಯರೊಬ್ಬರು ಎದ್ದು, "ಸಾರ್, ನಮ್ಮ ಓಣಿ ಹುಡುಗನಿಗೆ ನಾಯಿ ಕಚ್ಚಿತ್ತು. ಒಂದು ಇಂಜೆಕ್ಷನ್ ಹಾಕಿಸಿದ್ವಿ, ಗಾಯಾನೂ ಮಾಗಿದೆ. ಮತ್ತೆ ಮೂರು ಸಲ ಕರ್ಕೊಂಡು ಹೋಗೋದು ಯಾಕೆ?" ಎಂದು ಕೇಳಿದರು. ಎಂಜಿನಿಯರಿಂಗ್ ಓದಿದ ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ವೈದ್ಯರನ್ನು ವಿಚಾರಿಸಿ ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇನೆ. ಆ ಹುಡುಗನು ಉಳಿದ ಮೂರೂ ಲಸಿಕೆಗಳನ್ನು ಪಡೆದನೆಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ದೇಹದೊಳಕ್ಕೆ ಹೊರಗಿನಿಂದ ಬರುವ ವೈರಾಣು, ಬ್ಯಾಕ್ಟೀರಿಯ ಮುಂತಾದವುಗಳ ಮೈಮೇಲಿನ ಗುರುತುಗಳಿಗೆ ಪ್ರತಿಜನಕ ಎಂದೂ, ಆ ಗುರುತಿಗೆ ಸರಿಯಾಗಿ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಪ್ರೋಟೀನಿಗೆ ಪ್ರತಿಕಾಯ ಎಂದೂ ಹೆಸರು. ಶತ್ರುವನ್ನು ಕಂಡ ನಂತರ ದೇಹವು ಹೊಸದಾಗಿ ನಕ್ಷೆ ತಯಾರಿಸಿ, ನಾವು ಕಾಮಗಾರಿಗೆ ಟೆಂಡರ್ ಕರೆಯುವಂತೆ, ಪ್ರತಿಕಾಯವನ್ನು ಮಾಡಿಸುತ್ತದೆ ಎಂದು ನಾನು ಭಾವಿಸಿದ್ದೆ. ವಾಸ್ತವದಲ್ಲಿ ಹಾಗಲ್ಲ. ಬಿಳಿ ರಕ್ತಕಣಗಳಲ್ಲಿ ಬಿ ಕಣ ಎಂಬ ಒಂದು ಬಗೆಯಿದೆ. ಪ್ರತಿಯೊಂದು ಬಿ ಕಣವೂ ಹುಟ್ಟುವಾಗಲೇ ಒಂದೇ ಆಕಾರದ ಬೀಗಕ್ಕೆ ಹೊಂದುವ ಕೀಲಿಕೈಯನ್ನು ಹೊತ್ತಿರುತ್ತದೆ. ಇಂತಹ ಕೋಟ್ಯಂತರ ಬಗೆಯ ಕೀಲಿಕೈಗಳು ನಮ್ಮೊಳಗೆ ಮೊದಲೇ ಸಿದ್ಧವಾಗಿವೆ. ಸೀಮಿತ ಸಂಖ್ಯೆಯ ವಂಶವಾಹಿಗಳಿಂದ ಇಷ್ಟು ವೈವಿಧ್ಯ ಹೇಗೆ ಉಂಟಾಗುತ್ತದೆಂಬುದನ್ನು ವಿವರಿಸಿದ ಜಪಾನಿನ ಸುಸುಮು ಟೊನೆಗಾವ ಅವರಿಗೆ 1987ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಪ್ರತಿಜನಕವು ಒಳಬಂದಾಗ ಚರ್ಮ ಮತ್ತು ಸ್ನಾಯುಗಳಲ್ಲಿ ಕಾವಲಿರುವ ಕಣಗಳು ಅದನ್ನು ಹಿಡಿದು ಸಮೀಪದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಕಾಲಿಗೆ ಗಾಯವಾದಾಗ ತೊಡೆಸಂದಿಯಲ್ಲಿ ಗಡ್ಡೆ ಬಂದಿತೆನ್ನುತ್ತೇವಲ್ಲ, ಅದು ಈ ಗ್ರಂಥಿಯೇ. ಅಲ್ಲಿ ಹೊಂದುವ ಕೀಲಿಕೈಯುಳ್ಳ ಬಿ ಕಣವು ಸಹಾಯಕ ಟಿ ಕಣದ ಒಪ್ಪಿಗೆ ಪಡೆದು ಒಂದು ಎರಡಾಗಿ, ಎರಡು ನಾಲ್ಕಾಗಿ ವೃದ್ಧಿಸುತ್ತದೆ. ಅವುಗಳಲ್ಲಿ ಕೆಲವು ಪ್ರತಿಕಾಯದ ಕಾರ್ಖಾನೆಗಳಾಗಿ ಮಾರ್ಪಟ್ಟು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಪ್ರತಿಕಾಯಗಳನ್ನು ರಕ್ತಕ್ಕೆ ಬಿಡುತ್ತವೆ. ಕೆಲವು ನೆನಪಿನ ಕಣಗಳಾಗಿ ವರ್ಷಗಟ್ಟಲೆ ಉಳಿಯುತ್ತವೆ. ಈ ಇಡೀ ಕೆಲಸಕ್ಕೆ ಒಂದರಿಂದ ಎರಡು ವಾರ ಬೇಕು. ಇದನ್ನು ಯಾವ ಔಷಧದಿಂದಲೂ ಒಂದೇ ದಿನದಲ್ಲಿ ಮುಗಿಸಲಾಗದು.

ಹೆಚ್ಚಿನ ಸೋಂಕುಗಳಲ್ಲಿ ಕಾಯಿಲೆಯೇ ದೇಹಕ್ಕೆ ಪ್ರತಿಜನಕವನ್ನು ಧಾರಾಳವಾಗಿ ತೋರಿಸುತ್ತದೆ. ಜ್ವರ ಬರುತ್ತದೆ, ಪ್ರತಿಕಾಯ ಹುಟ್ಟುತ್ತದೆ, ಮನುಷ್ಯ ಚೇತರಿಸಿಕೊಳ್ಳುತ್ತಾನೆ. ರೇಬೀಸ್ ವೈರಾಣುವಿನ ಕಪಟವಿರುವುದು ಇಲ್ಲಿಯೇ. ಅದು ರಕ್ತದಲ್ಲಿ ಸಂಚರಿಸದೆ, ಕಡಿದ ಜಾಗದಲ್ಲಿ ಅಲ್ಪ ಪ್ರಮಾಣದಲ್ಲಿದ್ದು, ನರದೊಳಗೆ ನುಸುಳಿ ಮೆದುಳಿನತ್ತ ನಿಧಾನವಾಗಿ ಸಾಗುತ್ತದೆ. ಕಾವಲಿನ ಕಣಗಳಿಗೆ ಅದು ಸರಿಯಾಗಿ ಕಾಣಿಸುವುದೇ ಇಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ, ಕೆಲವೊಮ್ಮೆ ಅದಕ್ಕೂ ಬೇಗ ಅಥವಾ ತಡವಾಗಿ, ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಆ ಬಳಿಕ ಬದುಕುಳಿದವರು ಅತಿ ವಿರಳ. ಗಾಯ ಮಾಗಿತೆಂಬುದಕ್ಕೂ ವೈರಾಣು ಹೋಯಿತೆಂಬುದಕ್ಕೂ ಯಾವ ಸಂಬಂಧವೂ ಇಲ್ಲ.

ಆದುದರಿಂದ ಕೊಂದ ವೈರಾಣುವನ್ನು ತೋಳಿನ ಮೂಲಕ ನಾವೇ ದೇಹಕ್ಕೆ ತೋರಿಸಬೇಕಾಗುತ್ತದೆ. ಲಸಿಕೆಯೆಂದರೆ ಇದೇ. ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ 0, 3, 7 ಮತ್ತು 28ನೆಯ ದಿನ (ಮೊದಲ ಲಸಿಕೆಯ ದಿನವೇ ಸೊನ್ನೆ), ಸ್ನಾಯುವಿಗೆ ಕೊಡುವಲ್ಲಿ 14ನೆಯ ದಿನವೂ ಸೇರಿ ಐದು ಬಾರಿ. ಮೊದಲ ಮೂರು ಲಸಿಕೆಗಳು ಉತ್ಪಾದನೆಯನ್ನು ಆರಂಭಿಸಿ ವೇಗ ಹೆಚ್ಚಿಸುತ್ತವೆ. 28ನೆಯ ದಿನದ್ದು ನೆನಪಿನ ಕಣಗಳನ್ನು ಮತ್ತೆ ಎಬ್ಬಿಸಿ, ಪ್ರತಿಕಾಯದ ಪ್ರಮಾಣವನ್ನು ಹೆಚ್ಚಿಸಿ ಬಹುಕಾಲ ನಿಲ್ಲುವಂತೆ ಮಾಡುತ್ತದೆ.

ದೇಹದ ಸ್ವಂತ ಪ್ರತಿಕಾಯ ಸಿದ್ಧವಾಗುವವರೆಗಿನ ವಾರದಲ್ಲಿ ಏನು ಗತಿ? ಚರ್ಮ ಸೀಳಿ ರಕ್ತ ಬಂದ ಗಾಯಗಳಿಗೆ ಇಮ್ಯುನೋಗ್ಲಾಬ್ಯುಲಿನ್ ಎಂಬುದನ್ನು ಗಾಯದೊಳಕ್ಕೂ ಸುತ್ತಲೂ ಚುಚ್ಚುವುದು ಇದಕ್ಕಾಗಿಯೇ. ಅದು ಮನುಷ್ಯರ ಅಥವಾ ಕುದುರೆಯ ರಕ್ತದಿಂದ ತೆಗೆದ ಸಿದ್ಧ ಪ್ರತಿಕಾಯ, ಒಂದರ್ಥದಲ್ಲಿ ಕೈಗಡ. ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ, ನೆನಪಿನ ಕಣಗಳನ್ನು ಉಳಿಸುವುದಿಲ್ಲ. ಮೊದಲ ಲಸಿಕೆಯಾಗಿ ಏಳು ದಿನ ಕಳೆದ ಮೇಲೆ ಅದನ್ನು ಕೊಡುವುದಿಲ್ಲ, ಏಕೆಂದರೆ ಅಷ್ಟರಲ್ಲಿ ದೇಹದ ಸ್ವಂತ ಉತ್ಪಾದನೆ ಆರಂಭವಾಗಿರುತ್ತದೆ. ಇದಕ್ಕೂ ಮೊದಲಿನ ಕೆಲಸ, ಅಂದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆಯುವುದು, ಮನೆಯಲ್ಲೇ ಆಗಬೇಕು. ಸುಣ್ಣ, ಅರಿಶಿನ, ಖಾರದ ಪುಡಿ ಯಾವುದನ್ನೂ ಹಚ್ಚಬಾರದು.

ಹಿರಿಯರಲ್ಲಿ ಹೊಕ್ಕುಳ ಸುತ್ತಲಿನ 14 ಚುಚ್ಚುಮದ್ದಿನ ಭಯ ಇನ್ನೂ ಉಳಿದಿದೆ. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆಯನ್ನು ಭಾರತವು ಸುಮಾರು 2005ರಲ್ಲೇ ಕೈಬಿಟ್ಟಿದೆ ಎಂದು ಅವರಿಗೆ ತಿಳಿಸಬೇಕು.

ನಮ್ಮ ತಾಲ್ಲೂಕುಗಳಲ್ಲಿ ತಪ್ಪಿಹೋಗುವ ಸಂಭವ ಹೆಚ್ಚಿರುವುದು 28ನೆಯ ದಿನದ ಲಸಿಕೆ. ಚನ್ನಗಿರಿಯಲ್ಲಿ ಅಡಿಕೆ ಸುಲಿಯಲು ಬಂದವರು ಕೆಲಸ ಮುಗಿಸಿ ಊರಿಗೆ ಮರಳಿರುತ್ತಾರೆ; ಜಗಳೂರಿನ ಕುರಿಗಾಹಿಗಳು ಮೇವು ಹುಡುಕಿಕೊಂಡು ಮುಂದಿನ ಊರು ಸೇರಿರುತ್ತಾರೆ; ಹೊನ್ನಾಳಿ, ನ್ಯಾಮತಿಗಳಲ್ಲಿ ಭತ್ತದ ನಾಟಿ, ಕಟಾವು ಬಂದಿತೆಂದರೆ ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವವರು ಕಡಿಮೆ. ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಚೀಟಿ ತೋರಿಸಿ ಲಸಿಕೆ ಮುಂದುವರಿಸಬಹುದು. ತಮ್ಮ ವಾರ್ಡಿನಲ್ಲಿ ನಾಯಿ ಕಡಿತವಾದರೆ ಆಶಾ ಕಾರ್ಯಕರ್ತೆಗೆ ಅಂದೇ ತಿಳಿಸಿ, ನಾಲ್ಕೂ ದಿನಾಂಕಗಳನ್ನು ತಾವೂ ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಆ ಚೀಟಿಯನ್ನು ಲಸಿಕೆ ಮುಗಿದ ನಂತರವೂ ಎಸೆಯಬಾರದು. ಪೂರ್ಣ ಲಸಿಕೆ ಪಡೆದವರಿಗೆ ಮುಂದೆ ಮತ್ತೊಮ್ಮೆ ನಾಯಿ ಕಚ್ಚಿದರೆ ನೆನಪಿನ ಕಣಗಳು ಕೆಲವೇ ದಿನಗಳಲ್ಲಿ ಎಚ್ಚೆತ್ತುಕೊಳ್ಳುವುದರಿಂದ 0 ಮತ್ತು 3ನೆಯ ದಿನದ ಎರಡು ಲಸಿಕೆಗಳೇ ಸಾಕಾಗುತ್ತವೆ, ಇಮ್ಯುನೋಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ಚೀಟಿ ಇಲ್ಲದಿದ್ದರೆ ವೈದ್ಯರು ಮೊದಲಿನಿಂದ ಆರಂಭಿಸಬೇಕಾಗುತ್ತದೆ.