ಅವಳ ಸಹನೆಯನ್ನು ಹೊಗಳುವ ಮುನ್ನ

"ಪಾಪ, ಇಷ್ಟು ಕಷ್ಟದಲ್ಲೂ ಎಷ್ಟು ಸಬ್ರ್ ನೋಡಿ ಆ ಹುಡುಗಿಗೆ!" ಮದುವೆ ಮನೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಇಂಥ ಮಾತನ್ನು ನೀವೂ ಕೇಳಿರುತ್ತೀರಿ, ಬಹುಶಃ ಆಡಿಯೂ ಇರುತ್ತೀರಿ. ಕಾಲಿನಲ್ಲಿ ಶಕ್ತಿ ಇಲ್ಲದವಳು, ಕಣ್ಣು ಕಾಣದವಳು ನಗುನಗುತ್ತಾ ಬದುಕಿದರೆ ನಮಗೊಂದು ಸಮಾಧಾನ. ಹೊಗಳಿಬಿಟ್ಟರೆ ಅವಳಿಗಾಗಿ ನಾವು ಮಾಡಬೇಕಾದ್ದು ಏನೂ ಉಳಿಯುವುದಿಲ್ಲವಲ್ಲ!

ಧಾರವಾಡ ತಾಲೂಕಿನ ಗರಗ ಎಂದೊಡನೆ ನೆನಪಾಗುವುದು ಖಾದಿ. ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾದ ಊರದು. ಆ ಕಸುಬನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಕೈಮಗ್ಗದ ಮುಂದೆ ಕೂತವರು ಕೈಯಿಂದ ಲಾಳಿ ಓಡಿಸುತ್ತಾ ಕಾಲಿನಿಂದ ತುಳಿಯುತ್ತಿರಬೇಕು. ನೂಲುವ ರಾಟಿಗೆ ಕಾಲಿನ ಹಂಗಿಲ್ಲ, ಕೈ ಆಡಿದರೆ ಸಾಕು. ಕಾಲು ಸೋತ ಹೆಣ್ಣುಮಗಳೊಬ್ಬಳು ಮಗ್ಗದ ಮುಂದೆ ಅಂಗವಿಕಲೆ, ರಾಟಿಯ ಮುಂದೆ ಎಲ್ಲರಂತೆ ಕೆಲಸಗಾರ್ತಿ. ದೇಹ ಅದೇ, ಮನೋಬಲವೂ ಅದೇ. ಬದಲಾದದ್ದು ಉಪಕರಣ.

ಇದೇ ವಿಚಾರವನ್ನು ಬ್ರಿಟನ್ನಿನ ಅಂಗವಿಕಲರು 1970ರ ದಶಕದಲ್ಲಿ ಸಂಘ ಕಟ್ಟಿಕೊಂಡು ಹೇಳಿದರು. ಕೊರತೆ ದೇಹದಲ್ಲಿರಬಹುದು, ಆದರೆ ಮನುಷ್ಯನನ್ನು ಅಸಹಾಯಕನನ್ನಾಗಿ ಮಾಡುವುದು ಸುತ್ತಲಿನ ವ್ಯವಸ್ಥೆ ಎಂಬುದು ಅವರ ವಾದ. ಮೈಕ್ ಆಲಿವರ್ ಎಂಬ ವಿದ್ವಾಂಸರು 1983ರಲ್ಲಿ ಅದನ್ನು 'ಸಾಮಾಜಿಕ ಮಾದರಿ' ಎಂದು ಕರೆದರು. ಅವರೂ ಗಾಲಿಕುರ್ಚಿಯಲ್ಲಿದ್ದವರೇ.

ಗರಗದಿಂದ ಧಾರವಾಡದ ಕಾಲೇಜಿಗೆ ಹೊರಟ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಹಳ್ಳಿಯ ಬಸ್ಸಿನ ಎತ್ತರದ ಮೆಟ್ಟಿಲು ಹತ್ತಲು ಅವಳಿಗೆ ಅಣ್ಣನೋ ಅಮ್ಮನೋ ಬೇಕು. ಅದೇ ಹುಡುಗಿ ಹುಬ್ಬಳ್ಳಿಗೆ ಹೋಗುವುದಾದರೆ, ಅವಳಿ ನಗರದಲ್ಲಿ 2018ರಲ್ಲಿ ಓಡಾಟ ಆರಂಭಿಸಿದ ಚಿಗರಿ ಬಸ್ಸಿಗೆ ನಿಲ್ದಾಣದ ಕಟ್ಟೆಯಿಂದ ನೇರ ಕಾಲಿಡಬಹುದು. ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ. ಎರಡು ಬಸ್ಸುಗಳ ನಡುವೆ ಅವಳ ಸಹನೆ ಹೆಚ್ಚಿತೇ? (ಚಿಗರಿ ತಲುಪಲು ಮೊದಲು ಹಳ್ಳಿ ಬಸ್ಸಿನಿಂದ ಇಳಿಯಬೇಕಲ್ಲ, ಅದು ಬೇರೆ ಮಾತು.)

ಸಬ್ರ್ ದೊಡ್ಡ ಗುಣ, ಎರಡು ಮಾತಿಲ್ಲ. ಆದರೆ ತಕ್ದೀರಿನ ಮುಂದೆ ತೋರುವ ಸಹನೆ ಬೇರೆ, ಗೌಂಡಿ ಕಟ್ಟಿದ ಮೆಟ್ಟಿಲಿನ ಮುಂದೆ ತೋರಬೇಕಾದ ಸಹನೆ ಬೇರೆ. ಅಲೀಗಢದಲ್ಲಿ 1965ರಲ್ಲಿ ಹುಟ್ಟಿದ ಜಾವೇದ್ ಆಬಿದಿ ಈ ಎರಡನ್ನು ಬೆರೆಸಲಿಲ್ಲ. ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ, ಬದುಕು ಗಾಲಿಕುರ್ಚಿಯಲ್ಲಿ. ವಿಮಾನ ಹತ್ತಲು ಅಂಗವಿಕಲರು ಪಡುವ ಪಾಡನ್ನು ಅವರು ಸುಪ್ರೀಂ ಕೋರ್ಟಿಗೆ ಒಯ್ದರು. 1998ರಲ್ಲಿ ಅವರ ಪರ ಆದೇಶವೂ ಬಂತು. 1995ರ ಅಂಗವಿಕಲರ ಕಾಯ್ದೆಗಾಗಿ ದೆಹಲಿಯಲ್ಲಿ ಬೀದಿಗಿಳಿದವರಲ್ಲಿ ಅವರೂ ಮುಂದಾಳು. 2018ರಲ್ಲಿ ತೀರಿಕೊಂಡರು. ಅವರನ್ನು 'ಸಹನಾಮೂರ್ತಿ' ಎಂದು ಯಾರೂ ಕರೆದಿರಲಾರರು, ಪುಣ್ಯ!

ಮನೆಯೊಳಗೆ ಬನ್ನಿ. 2011ರ ಜನಗಣತಿಯಂತೆ ದೇಶದ ಅಂಗವಿಕಲ ಪುರುಷರಲ್ಲಿ ಶೇ. 62 ಮಂದಿ ಅಕ್ಷರಸ್ಥರು, ಮಹಿಳೆಯರಲ್ಲಿ ಶೇ. 45 ಮಾತ್ರ. ಈ ಅಂತರಕ್ಕೆ ಕಾಲು ಕಣ್ಣು ಕಾರಣವಲ್ಲ. "ಇವಳು ಓದಿ ಏನಾಗಬೇಕು, ಮನೆಯಲ್ಲೇ ಇರಲಿ" ಎಂದವರು ನಾವು. 2016ರ ಕಾಯ್ದೆ ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಪ್ರಮಾಣಪತ್ರ, ಗುರುತಿನ ಚೀಟಿ ಹೇಗೆ ಪಡೆಯುವುದೆಂದು ತಿಳಿಯದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ.

ಇನ್ನು ಬಚ್ಚಲಿನ ಹೊಸ್ತಿಲು ತಗ್ಗಬೇಕೇ, ಗೋಡೆಗೊಂದು ಹಿಡಿಕೆ ಬೇಕೇ ಎಂದು ಅವಳನ್ನೇ ಕೇಳಿ. ಶೌಚಾಲಯಕ್ಕೆ ಹೋಗಲಾಗದೆಂಬ ಹೆದರಿಕೆಯಿಂದ ಮದುವೆಗೆ ಹೊರಟ ದಿನ ಬೆಳಗಿನಿಂದ ಹನಿ ನೀರೂ ಕುಡಿಯದ ಹೆಣ್ಣುಮಕ್ಕಳಿದ್ದಾರೆ. ಮುಂದಿನ ಬಾರಿ ನಿಮ್ಮ ಮನೆಯ ಮದುವೆಗೆ ಹಾಲ್ ನೋಡಲು ಹೋದಾಗ, ಊಟದ ಕೋಣೆ ನೋಡಿದ ಮೇಲೆ ಹೆಂಗಸರ ಶೌಚಾಲಯ ಯಾವ ಮಹಡಿಯಲ್ಲಿದೆ, ಬಾಗಿಲು ಎಷ್ಟು ಅಗಲ ಎಂದೂ ನೋಡಿಕೊಂಡು ಬನ್ನಿ.