ಕಟ್ಟಡಕ್ಕೆ ಹಣವಿದೆ, ಕಾರ್ಯಕರ್ತನಿಗಿಲ್ಲ: ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಯುವಜನ ಸೇವೆಯ ಅನುದಾನ

ಬಳ್ಳಾರಿ ಧರ್ಮಪ್ರಾಂತ್ಯವು ಕರಾವಳಿಯ ನಮಗೆ ಅಪರಿಚಿತವೇನಲ್ಲ. 1949ರಲ್ಲಿ ಸ್ಥಾಪನೆಯಾದ ಆ ಧರ್ಮಪ್ರಾಂತ್ಯದಲ್ಲಿ ನಮ್ಮ ಕಡೆಯ ಗುರುಗಳೂ ಧರ್ಮಭಗಿನಿಯರೂ ಸೇವೆ ಸಲ್ಲಿಸುತ್ತಾ ಬಂದಿದ್ದಾರೆ. ಅಲ್ಲಿಯ ಯುವಜನರ ವಿಷಯ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಗಣಿಯ ಹಣ, ಹಿಂದುಳಿದ ಪ್ರದೇಶದ ವಿಶೇಷ ಅನುದಾನ, ಕೇಂದ್ರದ ಯೋಜನೆ, ರಾಜ್ಯದ ಯೋಜನೆ ಎಂದು ಇಷ್ಟೆಲ್ಲ ಬರುವ ಜಿಲ್ಲೆಯಲ್ಲಿ, ಸಿರುಗುಪ್ಪದ ಅಥವಾ ಕುರುಗೋಡಿನ ಒಬ್ಬ ಹುಡುಗ ಸಂಜೆ ಹೋಗಿ ಕುಳಿತುಕೊಳ್ಳಲು, ನಾಲ್ಕು ಮಾತಾಡಲು, ಕೆಲಸದ ಅರ್ಜಿ ತುಂಬಲು ಒಂದು ಯುವಕೇಂದ್ರ ಏಕಿಲ್ಲ? ಈ ಹಣ ಎಲ್ಲಿಂದ ಹೊರಟು ಎಲ್ಲಿಗೆ ತಲುಪುತ್ತದೆ ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ.

ಮೊದಲು ಊರುಗಳ ಬಗ್ಗೆ ಎರಡು ಮಾತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಬಳ್ಳಾರಿ, ಸಿರುಗುಪ್ಪ, ಸಂಡೂರು, ಕಂಪ್ಲಿ ಮತ್ತು ಕುರುಗೋಡು ಎಂಬ ಐದು ತಾಲೂಕುಗಳು ಉಳಿದವು. ಸಿರುಗುಪ್ಪ ತುಂಗಭದ್ರೆಯ ನೀರಿನ ಊರು. ಭತ್ತದ ಗದ್ದೆ, ಅಕ್ಕಿ ಗಿರಣಿ. ಆಚೆ ಆಂಧ್ರದ ಗಡಿ, ಬೀದಿಯಲ್ಲಿ ಕನ್ನಡದಷ್ಟೇ ಸಲೀಸಾಗಿ ತೆಲುಗು. ದೊಡ್ಡ ಬಸವೇಶ್ವರನ ಕುರುಗೋಡು ಮೊದಲು ಬಳ್ಳಾರಿ ತಾಲೂಕಿನ ಭಾಗವಾಗಿತ್ತು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲೂಕುಗಳಲ್ಲಿ ಅದೂ ಒಂದು. ಸಿರುಗುಪ್ಪದಿಂದ ಜಿಲ್ಲಾ ಕೇಂದ್ರಕ್ಕೆ ಐವತ್ತು ಕಿಲೋಮೀಟರಿಗೂ ಹೆಚ್ಚು, ಕುರುಗೋಡಿನಿಂದ ಅದರ ಅರ್ಧದಷ್ಟು. ಈ ದೂರವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಯುವಜನ ಸೇವೆಯ ಸರಕಾರಿ ವ್ಯವಸ್ಥೆ ಬಹುಪಾಲು ಜಿಲ್ಲಾ ಕೇಂದ್ರಕ್ಕೇ ಬಂದು ನಿಲ್ಲುತ್ತದೆ.

ಯುವಜನರ ಹೆಸರಿನಲ್ಲೇ ಇರುವ ಸರಕಾರಿ ಬಾಗಿಲುಗಳು ಮುಖ್ಯವಾಗಿ ಎರಡು. ಒಂದು ಕೇಂದ್ರ ಸರಕಾರದ್ದು. 1972ರಲ್ಲಿ ಆರಂಭವಾದ ನೆಹರು ಯುವ ಕೇಂದ್ರಗಳು 1987ರಲ್ಲಿ ನೆಹರು ಯುವ ಕೇಂದ್ರ ಸಂಘಟನೆ ಎಂಬ ಸ್ವಾಯತ್ತ ಸಂಸ್ಥೆಯ ಕೆಳಗೆ ಬಂದವು. 2023ರ ಅಕ್ಟೋಬರ್ 31ರಂದು 'ಮೇರಾ ಯುವ ಭಾರತ್' ಆರಂಭವಾದ ನಂತರ ಈ ಕೆಲಸ ಆ ಹೆಸರಿನಡಿಗೆ ಬಂದಿದೆ. ಜಿಲ್ಲೆಗೊಂದು ಕಚೇರಿ, ಒಬ್ಬ ಅಧಿಕಾರಿ. ತಾಲೂಕುಗಳಲ್ಲಿ ಓಡಾಡಲು ಸ್ವಯಂಸೇವಕರು. ನೆಹರು ಯುವ ಕೇಂದ್ರದ ಕಾಲದಲ್ಲಿ ಈ ರಾಷ್ಟ್ರೀಯ ಯುವ ಸ್ವಯಂಸೇವಕರಿಗೆ ಸಿಗುತ್ತಿದ್ದುದು ತಿಂಗಳಿಗೆ 5,000 ರೂಪಾಯಿ ಗೌರವಧನ, ಅದೂ ಹೆಚ್ಚೆಂದರೆ ಎರಡು ವರ್ಷ. ತಿಂಗಳಿಗೆ 26 ದಿನದ ಕೆಲಸ ಎಂದು ಲೆಕ್ಕ ಹಾಕಿದರೆ ದಿನಕ್ಕೆ 192 ರೂಪಾಯಿ. ಉದ್ಯೋಗ ಖಾತರಿ ಯೋಜನೆಯಲ್ಲಿ ಹೂಳೆತ್ತುವವರಿಗೆ 2024-25ರಲ್ಲಿ ಕರ್ನಾಟಕದಲ್ಲಿ ನಿಗದಿಯಾಗಿದ್ದ ದಿನಗೂಲಿ 349 ರೂಪಾಯಿ. ಯುವಜನರನ್ನು ಸಂಘಟಿಸುವ ಕೆಲಸಕ್ಕೆ ಸರಕಾರ ಕಟ್ಟಿದ ಬೆಲೆ ಏನೆಂದು ಓದುಗರೇ ನಿರ್ಣಯಿಸಲಿ.

ಎರಡನೆಯದು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಇಲಾಖೆಯ ಹೆಸರಿನಲ್ಲಿ 'ಯುವ' ಮೊದಲು ಬಂದರೂ ಕಣ್ಣಿಗೆ ಬೀಳುವುದು ಕ್ರೀಡೆಯೇ. ಜಿಲ್ಲಾ ಕ್ರೀಡಾಂಗಣ, ತರಬೇತುದಾರರು, ದಸರಾ ಕ್ರೀಡಾಕೂಟ, ಯುವಜನೋತ್ಸವ, ಯುವ ಸಂಘಗಳಿಗೆ ಆಟದ ಸಾಮಗ್ರಿ. ಕ್ರೀಡೆ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ವಾಲಿಬಾಲ್ ಹಂಚುವುದು ಒಂದು ದಿನದ ಕೆಲಸ. ಓದು ಬಿಟ್ಟು ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಕ್ಕೆ ಸೇರಿದ ಹದಿನೇಳರ ಹುಡುಗನ ಬೆನ್ನಿಗೆ ನಿಲ್ಲುವುದು ವರ್ಷಗಟ್ಟಲೆಯ ಕೆಲಸ.

ಈ ಎರಡನೆಯ ಬಗೆಯ ಕೆಲಸಕ್ಕೆ ಹತ್ತಿರ ಬರುವ ಒಂದು ಕಾರ್ಯಕ್ರಮ ಇಲಾಖೆಯಲ್ಲಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಜೊತೆಗೂಡಿ ರೂಪಿಸಿದ 'ಯುವ ಸ್ಪಂದನ' ಅದು. ಜಿಲ್ಲಾ ಮಟ್ಟದ ಕೇಂದ್ರದಲ್ಲಿ ಆರೋಗ್ಯ, ಶಿಕ್ಷಣ, ಮನೆಯ ಸಂಬಂಧಗಳು, ದುಶ್ಚಟ, ಮನಸ್ಸಿನ ಒತ್ತಡ ಮುಂತಾದವುಗಳ ಬಗ್ಗೆ ಉಚಿತ ಮಾರ್ಗದರ್ಶನ ಮತ್ತು ಆಪ್ತ ಸಮಾಲೋಚನೆ ದೊರೆಯುತ್ತದೆ. 'ಯುವ ಪರಿವರ್ತಕರು' ಎಂದು ಕರೆಯಲಾಗುವ ತರಬೇತಿ ಪಡೆದ ಯುವಕ ಯುವತಿಯರು ಶಾಲೆ ಕಾಲೇಜುಗಳಿಗೆ, ಹಳ್ಳಿಗಳಿಗೆ ಹೋಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ರಾಜ್ಯದ ಯುವಜನ ಯೋಜನೆಗಳಲ್ಲಿ ಅತಿ ಕಡಿಮೆ ಪ್ರಚಾರ ಪಡೆದ, ಅತಿ ಹೆಚ್ಚು ಬೆಂಬಲಕ್ಕೆ ಅರ್ಹವಾದ ಯೋಜನೆ ಇದು. ಆದರೆ ಕೇಂದ್ರ ಇರುವುದು ಜಿಲ್ಲೆಗೆ ಒಂದು. ಮನೆಯಲ್ಲಿ ಹೇಳಿಕೊಳ್ಳಲಾಗದ ತೊಂದರೆಯೊಂದನ್ನು ಹೇಳಲು ಸಿರುಗುಪ್ಪದ ಹುಡುಗಿ ಒಂದು ದಿನ ಕಾಲೇಜು ತಪ್ಪಿಸಿ, ಬಸ್ಸು ಹಿಡಿದು, ಮನೆಯವರಿಗೆ ಕಾರಣ ಹೇಳಿ ಬಳ್ಳಾರಿಗೆ ಬರಬೇಕು. ಅವಳು ಬರುವುದಿಲ್ಲ. 10ರಿಂದ 19 ವಯಸ್ಸಿನವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಇರುವ 'ಸ್ನೇಹ ಕ್ಲಿನಿಕ್' ಮತ್ತು 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416 ಇವೆರಡು ಸ್ವಲ್ಪ ಮಟ್ಟಿಗೆ ಈ ಕೊರತೆ ತುಂಬುತ್ತವೆ. ಧರ್ಮಕೇಂದ್ರದ ಸೂಚನಾ ಫಲಕದಲ್ಲಿ ಆ ಐದು ಅಂಕೆಗಳನ್ನು ಬರೆದು ಹಾಕಲು ಯಾವ ಅನುದಾನವೂ ಬೇಕಿಲ್ಲ.

ಇನ್ನು ದೊಡ್ಡ ಹಣದ ವಿಚಾರ. ಸಂವಿಧಾನದ 371(ಜೆ) ವಿಧಿಯ ಬಲದಿಂದ ರಚನೆಯಾದ ಮಂಡಳಿ, ಇಂದಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ರಾಜ್ಯ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಒದಗಿಸಲಾಯಿತು. ಬಳ್ಳಾರಿಯೂ ಸೇರಿ ಏಳು ಜಿಲ್ಲೆಗಳಿಗೆ ಇದು ಹಂಚಿಕೆಯಾಗುತ್ತದೆ. ಗಣಿಗಾರಿಕೆಯಿಂದ ಬರುವುದು ಬೇರೆ. 2015ರಲ್ಲಿ ಗಣಿ ಕಾಯಿದೆಗೆ ತಿದ್ದುಪಡಿಯಾಗಿ ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಸ್ಥಾಪನೆಯಾಯಿತು. ಹಳೆಯ ಗುತ್ತಿಗೆದಾರರು ರಾಜಧನದ ಶೇ. 30ರಷ್ಟನ್ನು, ಹರಾಜಿನಲ್ಲಿ ಗುತ್ತಿಗೆ ಪಡೆದವರು ಶೇ. 10ರಷ್ಟನ್ನು ಇದಕ್ಕೆ ಕೊಡಬೇಕು. ಇದಲ್ಲದೆ ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಕೂಡಿಟ್ಟ ಹಣವಿದೆ. ಅದರಿಂದ ಬಳ್ಳಾರಿ, ವಿಜಯನಗರ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶಗಳಿಗೆ ಸುಮಾರು 25 ಸಾವಿರ ಕೋಟಿ ರೂಪಾಯಿಗಳ ಯೋಜನೆ ಸಿದ್ಧವಾಗಿದೆ.

ಕೇಳಿದರೆ ತಲೆ ತಿರುಗುವ ಮೊತ್ತ. ಆದರೆ ಪ್ರತಿಯೊಂದಕ್ಕೂ ಅದರದೇ ಬೇಲಿ ಇದೆ. ಖನಿಜ ಪ್ರತಿಷ್ಠಾನದ 2015ರ ಮಾರ್ಗಸೂಚಿಯಂತೆ ಕನಿಷ್ಠ ಶೇ. 60ರಷ್ಟನ್ನು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಕೌಶಲ ತರಬೇತಿ, ನೈರ್ಮಲ್ಯ ಮುಂತಾದ ಆದ್ಯತೆಯ ವಿಷಯಗಳಿಗೆ ಬಳಸಬೇಕಿತ್ತು. ಯುವಕೇಂದ್ರವೊಂದನ್ನು ನಡೆಸುವುದನ್ನು ಇದರಲ್ಲಿ ಎಲ್ಲಿ ಸೇರಿಸುವುದು? ಕೌಶಲ ತರಬೇತಿ ಎಂದು ಬರೆದರೆ ಮಾತ್ರ ಕಡತ ಮುಂದೆ ಹೋದೀತು. ಮೇಲಾಗಿ ಈ ಹಣ ಗಣಿಯ ಸುತ್ತಮುತ್ತಲಿಗೆ ಮೀಸಲು. ಕಬ್ಬಿಣದ ಅದಿರು ಇರುವುದು ಸಂಡೂರಿನ ಬೆಟ್ಟಗಳಲ್ಲಿ, ಸಿರುಗುಪ್ಪದ ಗದ್ದೆಯಲ್ಲಲ್ಲ. ಜಿಲ್ಲೆ ಒಂದೇ ಆದರೂ ಹಣ ಹರಿಯುವ ಕಾಲುವೆ ಬೇರೆ.

ಪ್ರದೇಶಾಭಿವೃದ್ಧಿ ಮಂಡಳಿಯ ಹಣದ ತೊಡಕು ಮತ್ತೊಂದು ಬಗೆಯದು. ಅಲ್ಲಿ ಕೆಲಸ ಎಂದರೆ ಮುಖ್ಯವಾಗಿ ಕಾಮಗಾರಿ. ರಸ್ತೆ, ಶಾಲಾ ಕೊಠಡಿ, ಆಸ್ಪತ್ರೆ, ಸಮುದಾಯ ಭವನ. ಕಾಮಗಾರಿಗೆ ಅಂದಾಜು ಪಟ್ಟಿ ಇರುತ್ತದೆ, ಗುತ್ತಿಗೆದಾರ ಇರುತ್ತಾನೆ, ಮುಗಿದ ಮೇಲೆ ಉದ್ಘಾಟನೆಯ ಕಲ್ಲು ಇರುತ್ತದೆ. ಪ್ರತಿದಿನ ಸಂಜೆ ಬೀಗ ತೆಗೆಯುವವನ ಸಂಬಳ ಯಾವ ಕಲ್ಲಿನ ಮೇಲೂ ಬರುವುದಿಲ್ಲ. ಗ್ರಾಮ ಪಂಚಾಯಿತಿಗಳಿಗೂ ಇದೇ ಕಟ್ಟು. 15ನೇ ಹಣಕಾಸು ಆಯೋಗದ 2021-26ರ ಅವಧಿಯ ಅನುದಾನದಲ್ಲಿ ಶೇ. 60 ನೀರು ಮತ್ತು ನೈರ್ಮಲ್ಯಕ್ಕೆ ನಿಗದಿಯಾಗಿತ್ತು. ಉಳಿದ ಶೇ. 40ನ್ನು ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದಿತ್ತು, ಆದರೆ ಸಂಬಳಕ್ಕೆ ಮತ್ತು ಆಡಳಿತ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಹೀಗಾಗಿ ಭವನ ಕಟ್ಟಬಹುದು, ಅದರೊಳಗೆ ಒಬ್ಬ ಕಾರ್ಯಕರ್ತನನ್ನು ಕೂರಿಸಲಾಗದು. ಭವನ ಮದುವೆಗೆ ಬಾಡಿಗೆ ಹೋಗುತ್ತದೆ. ಅದೂ ಒಂದು ಸೇವೆ ಎನ್ನೋಣ.

ರಾಜ್ಯ ಸರಕಾರ 2024ರ ಜನವರಿ 12ರಂದು ಚಾಲನೆ ನೀಡಿದ ಯುವನಿಧಿಯನ್ನು ಕೆಲವರು ಇದೇ ಲೆಕ್ಕಕ್ಕೆ ಸೇರಿಸುತ್ತಾರೆ. ಅದು ಬೇರೆ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ನೇರವಾಗಿ ಖಾತೆಗೆ, ಗರಿಷ್ಠ ಎರಡು ವರ್ಷ. ಹತ್ತನೇ ತರಗತಿಗೇ ಓದು ನಿಲ್ಲಿಸಿದವರಿಗೆ ಅದರಲ್ಲಿ ಪಾಲಿಲ್ಲ.

ಕರಾವಳಿಯಲ್ಲಿ ಈ ಕೊರತೆ ನಮಗೆ ಅಷ್ಟಾಗಿ ಕಾಣದಿರಲು ಕಾರಣವಿದೆ. ನಮ್ಮ ಯುವಕ ಮಂಡಲಗಳಿಗೆ, ಐ.ಸಿ.ವೈ.ಎಂ. ಘಟಕಗಳಿಗೆ ಊರಿನ ದಾನಿಗಳಿದ್ದಾರೆ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಸದಸ್ಯರಿದ್ದಾರೆ, ಚರ್ಚಿನ ಸಭಾಭವನವಿದೆ. ಬಳ್ಳಾರಿ ಧರ್ಮಪ್ರಾಂತ್ಯದ ಧರ್ಮಕೇಂದ್ರಗಳು ಚಿಕ್ಕವು, ಭಕ್ತರಲ್ಲಿ ಕೂಲಿ ಕೆಲಸದವರು ಬಹಳ. ಹಿಂದೆ ಹೊರದೇಶದ ದೇಣಿಗೆ ಪಡೆಯುವ ದೊಡ್ಡ ಸಂಸ್ಥೆಯೊಂದು ತಾಲೂಕಿನ ಚಿಕ್ಕ ಸಂಸ್ಥೆಗೆ ಸ್ವಲ್ಪ ಪಾಲು ವರ್ಗಾಯಿಸಬಹುದಿತ್ತು. ವಿದೇಶಿ ದೇಣಿಗೆ ಕಾಯಿದೆಗೆ 2020ರಲ್ಲಿ ಆದ ತಿದ್ದುಪಡಿ ಆ ದಾರಿಯನ್ನು ಮುಚ್ಚಿತು; ಆಡಳಿತ ವೆಚ್ಚದ ಮಿತಿಯನ್ನೂ ಶೇ. 50ರಿಂದ 20ಕ್ಕೆ ಇಳಿಸಿತು. ಹಾಗಾಗಿ ಸರಕಾರದ ಹಣದ ಪ್ರಶ್ನೆ ಅಲ್ಲಿ ಮೊದಲಿಗಿಂತ ಹೆಚ್ಚು ತುರ್ತಿನದ್ದಾಗಿದೆ.

ಹಾಗಿದ್ದರೆ ಈಗ ಇರುವ ಹಣದಲ್ಲಿ ಯಾವುದು ಕೈಗೆಟುಕುವಂಥದ್ದು? ನಾವು ತೋರಿಸುವುದು ಗ್ರಂಥಾಲಯವನ್ನು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಸಾವಿರ ರೂಪಾಯಿ ತೆರಿಗೆ ಕಟ್ಟುವವರು ಅರವತ್ತು ರೂಪಾಯಿಯನ್ನು ಇದಕ್ಕೆ ಕೊಟ್ಟಿರುತ್ತಾರೆ. ಸ್ಥಳೀಯ ಸಂಸ್ಥೆಗಳು ಸಂಗ್ರಹಿಸಿದ ಕರವನ್ನು ಗ್ರಂಥಾಲಯಕ್ಕೆ ಸಕಾಲದಲ್ಲಿ ಪಾವತಿಸುವುದಿಲ್ಲ ಎಂಬುದು ರಾಜ್ಯದಾದ್ಯಂತ ಇರುವ ಹಳೆಯ ದೂರು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗಾವಣೆಯಾಗಿ, ಈಗ 'ಅರಿವು ಕೇಂದ್ರ'ಗಳಾಗಿವೆ. ಕಟ್ಟಡ ಇದೆ, ಪುಸ್ತಕ ಇದೆ, ಹಲವೆಡೆ ಕಂಪ್ಯೂಟರ್ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಸಂಬಳ ಪಡೆಯುವ ಒಬ್ಬ ಮೇಲ್ವಿಚಾರಕರಿದ್ದಾರೆ. ಯುವ ಸ್ಪಂದನದ ಯುವ ಪರಿವರ್ತಕರು ವಾರಕ್ಕೆ ಒಂದು ಸಂಜೆ ಅಲ್ಲಿ ಕುಳಿತರೆ ಹೊಸ ಕಟ್ಟಡವೂ ಬೇಡ, ಹೊಸ ಯೋಜನೆಯೂ ಬೇಡ. ಎರಡು ಇಲಾಖೆಗಳು ಮಾತಾಡಿಕೊಳ್ಳಬೇಕು, ಅಷ್ಟೇ. ಅದು ಎಷ್ಟು ಕಷ್ಟವೆಂಬುದು ಸರಕಾರಿ ಕಚೇರಿಗೆ ಅಲೆದವರಿಗೆಲ್ಲ ತಿಳಿದಿದೆ.

ಯುವ ಸಂಘಗಳೂ ತಮ್ಮ ಕಡೆಯಿಂದ ಒಂದು ಕೆಲಸ ಮಾಡಬೇಕಾಗುತ್ತದೆ. ಸಂಘ ಸಂಸ್ಥೆಗಳ 1960ರ ಕಾಯಿದೆಯಂತೆ ಕನಿಷ್ಠ ಏಳು ಮಂದಿ ಸೇರಿ ನೋಂದಣಿ ಮಾಡಿಸಬಹುದು. ನೋಂದಣಿ ಸುಲಭ, ವರ್ಷ ವರ್ಷ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸುವುದರಲ್ಲೇ ಎಡವುವುದು. ಅಧ್ಯಕ್ಷನಾಗಿದ್ದವನು ಕೆಲಸಕ್ಕೆಂದು ಬೆಂಗಳೂರಿಗೆ ಹೋದ, ಪುಸ್ತಕ ಅವನ ಮನೆಯಲ್ಲೇ ಉಳಿಯಿತು, ಮೂರು ವರ್ಷದ ಬಾಕಿ ಬೆಳೆಯಿತು. ಆಮೇಲೆ ಯಾವ ಇಲಾಖೆಯ ಸಹಾಯಕ್ಕೂ ಸಂಘ ಅರ್ಹವಾಗುವುದಿಲ್ಲ. ಧರ್ಮಕೇಂದ್ರದಲ್ಲಿ ಲೆಕ್ಕ ತಿಳಿದ ಒಬ್ಬ ಹಿರಿಯರು ವರ್ಷಕ್ಕೆ ಎರಡು ದಿನ ಕೊಟ್ಟರೆ ಇದು ತಪ್ಪುತ್ತದೆ.

ಗ್ರಾಮ ಪಂಚಾಯಿತಿಯ ಮುಂದಿನ ವರ್ಷದ ಯೋಜನೆಗೆ ಬೇಡಿಕೆ ಪಟ್ಟಿ ತಯಾರಾಗುವುದು ಅಕ್ಟೋಬರ್ 2ರ ನಂತರದ ಗ್ರಾಮಸಭೆಗಳಲ್ಲಿ. ಅರಿವು ಕೇಂದ್ರವನ್ನು ಸಂಜೆಯ ಹೊತ್ತಿನಲ್ಲೂ ತೆರೆದಿಡಬೇಕೆಂಬ ಬೇಡಿಕೆಯನ್ನು ಅಲ್ಲಿ ಲಿಖಿತವಾಗಿ ಕೊಟ್ಟು, ನಡಾವಳಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಸಿರುಗುಪ್ಪ, ಕುರುಗೋಡು ಪಟ್ಟಣಗಳಲ್ಲಿ ಗ್ರಾಮಸಭೆ ಇಲ್ಲದಿರುವುದರಿಂದ ಇದೇ ಅರ್ಜಿಯನ್ನು ಬಜೆಟ್ ತಯಾರಿಗೆ ಮುಂಚೆ ನಗರಸಭೆ, ಪುರಸಭೆಗಳಿಗೆ ಕೊಡಬೇಕಾಗುತ್ತದೆ.